ಸ್ಯಾಂಪಲ್ ಮೇಷ್ಟ್ರು

ಮನೆ ನಂಜನಗೂಡಿನಲ್ಲಿ, ಶಾಲೆ ಟಿ. ನರಸೀಪುರ ತಾಲ್ಲೂಕಿನಲ್ಲಿ. ಬೆಳಗಿನ ಬಸ್ಸಿನಲ್ಲಿ 'ಸ್ಯಾಂಪಲ್' ಪಂಗಡದ ಮೇಷ್ಟ್ರೊಬ್ಬರು ಇದ್ದೇ ಇರುತ್ತಾರೆ. ಮೈಸೂರಿನ ವಸಂತಮಹಲಿನಲ್ಲಿರುವ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕ್ರಿಯಾ ಸಂಶೋಧನೆಯ ತರಬೇತಿ ಮುಗಿಸಿ ಬಂದ ಮೇಲೆ ಅವರ ಬಾಯಲ್ಲಿ ನಮಸ್ಕಾರದ ಜಾಗಕ್ಕೆ 'ಸ್ಯಾಂಪಲ್ ಎಷ್ಟು?' ಬಂದು ಕೂತಿದೆ.

'ನಂಜುಂಡಪ್ಪನಿಗೆ ಹರಕೆ ಕಟ್ಕಂಡೆ, ಮಗ ಎಸ್ಸೆಸ್ಸೆಲ್ಸಿ ಪಾಸಾದ' ಎಂದರು ಪಕ್ಕದ ಸೀಟಿನವರು.

'ಹರಕೆ ಕಟ್ಟಿಕೊಂಡೂ ಫೇಲಾದವರ ಲೆಕ್ಕ?'

'ಫೇಲಾದೋರು ಯಾಕ್ ಯೋಳ್ಕಂಡಾರು ಸಾ?'

ಸೋತ ಪ್ರಯೋಗಗಳು ಸಂಶೋಧನಾ ಪತ್ರಿಕೆಗಳಲ್ಲಿ ಯಾಕೆ ಅಚ್ಚಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚುಟುಕಾದ ವಿವರಣೆ ನಾನಂತೂ ಕೇಳಿಲ್ಲ.

ಟ್ಯೂಷನ್ ಬೋರ್ಡಿನ ನೂರಕ್ಕೆ ನೂರು ಫಲಿತಾಂಶ ಕಂಡರೆ, 'ಸೇರಿಸಿಕೊಳ್ಳುವಾಗಲೇ ಸೋಸಿದ್ದಾರೆ' ಎನ್ನುತ್ತಾರೆ. 1995ರಲ್ಲಿ ಪಕ್ಕದ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಪದ್ಧತಿಯನ್ನು ಯಾರಾದರೂ ಹೊಗಳಿದರೆ, 'ಗೆದ್ದದ್ದು ಪದ್ಧತಿಯೋ, ಮೊದಲ ಮೇಷ್ಟ್ರುಗಳ ಹುರುಪೋ?' ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ವರದಿ ತೋರಿಸಿ ಸರ್ಕಾರಿ ಶಾಲೆಯನ್ನು ಜರೆದವರಿಗಂತೂ ಬಸ್ಸಿಳಿಯುವವರೆಗೆ ಬಿಡುಗಡೆಯಿಲ್ಲ. 'ಅವರು ಮನೆಮನೆಗೆ ಹೋಗಿ ಓದಿಸಿ ನೋಡೋದು ಸ್ವಾಮಿ. ಅದರಲ್ಲಿ ಕಾನ್ವೆಂಟಿನ ಮಕ್ಕಳೂ ಇದ್ದಾರೆ, ಶಾಲೆ ಬಿಟ್ಟವರೂ ಇದ್ದಾರೆ.' ಮಾತು ನಿಜ. ಇಲ್ಲಿಯವರೆಗೆ ನನ್ನ ಓಟು ಮೇಷ್ಟ್ರಿಗೇ.

ತೊಡಕಿರುವುದು ಅವರ ಸ್ವಂತ ಸಂಶೋಧನೆಯಲ್ಲಿ. 'ಐದನೇ ತರಗತಿ ಮಕ್ಕಳ ಒತ್ತಕ್ಷರ ದೋಷಗಳ ನಿವಾರಣೆ.' ಪೂರ್ವ ಪರೀಕ್ಷೆ, ಒಂದು ತಿಂಗಳು ಮಿಂಚುಪಟ್ಟಿ, ಆಮೇಲೆ ಮತ್ತೊಂದು ಪರೀಕ್ಷೆ. ಮಕ್ಕಳು ಹನ್ನೆರಡು. ಎರಡು ಸಲವೂ ಅದೇ ಪ್ರಶ್ನೆಪತ್ರಿಕೆ. ಎರಡನೆಯ ಸಲ, 'ಪುಸ್ತಕ'ವನ್ನು 'ಪುತ್ಸಕ' ಎಂದೇ ಬರೆಯುವ ಮೂವರು ಮುಡುಕುತೊರೆ ಜಾತ್ರೆಗೆ ಹೋಗಿದ್ದರು.

'ಅವರ ಅಂಕ?'

'ಗೈರುಹಾಜರಿ ಸಾರ್. ಸೇರಿಸುವ ಹಾಗಿಲ್ಲ.'

'ಮಿಂಚುಪಟ್ಟಿ ತೋರಿಸದ ಇನ್ನೊಂದು ಗುಂಪು?'

'ಕ್ರಿಯಾ ಸಂಶೋಧನೆಗೆ ಅದೆಲ್ಲ ಕಡ್ಡಾಯವಲ್ಲ.' ಕೈಪಿಡಿಯ ಪುಟ ತೆಗೆದೇ ತೋರಿಸಿದರು.

ಇಷ್ಟೆಲ್ಲ ಅನುಕೂಲವಿದ್ದೂ ಸರಾಸರಿ ಏರಿದ್ದು ಅರ್ಧ ಅಂಕ. ವರದಿಯಲ್ಲಿ ಅದು 'ಗಣನೀಯ ಪ್ರಗತಿ'. ಬಣ್ಣದ ಸ್ತಂಭನಕ್ಷೆಯಲ್ಲಿ ಗೋಪುರದೆತ್ತರ, ಅಳತೆಗೋಲು ಸೊನ್ನೆಯಿಂದ ಶುರುವಾಗಿರಲಿಲ್ಲ. 'ಅರ್ಧ ಅಂಕವೂ ಒಂದು ಅಂಕವೇ?' ಎಂದೆ.

ಮೇಷ್ಟ್ರು ಬೇಸರಪಡಲಿಲ್ಲ. 'ನರಸೀಪುರದ ಗುಂಜಾನರಸಿಂಹಸ್ವಾಮಿ ಕೈಯಲ್ಲಿ ಏನಿದೆ ಸಾರ್?'

'ಗುಲಗಂಜಿ.'

'ಈ ಕ್ಷೇತ್ರ ಕಾಶಿಗಿಂತ ಎಷ್ಟು ಹೆಚ್ಚು ಅಂತಾರೆ?'

'ಒಂದು ಗುಲಗಂಜಿ ತೂಕ.'

'ಮತ್ತೆ?' ಎಂದು ಬ್ಯಾಗು ಹೆಗಲಿಗೇರಿಸಿ ಇಳಿದೇಹೋದರು. ತೂಗಿದವರು ಯಾರು, ಸ್ಯಾಂಪಲ್ ಎಷ್ಟು ಎಂದು ಕೇಳಲು ನನಗೆ ಸ್ಟಾಪೇ ಸಿಗಲಿಲ್ಲ.