ಓಡುವ ನೀರು, ನಿಂತ ಕಾರು

ಎರ್ನಾಕುಲಂನಲ್ಲಿ ಕಾರು ಇಟ್ಟುಕೊಂಡವರಿಗೆ ವರ್ಷಕ್ಕೆ ಎರಡು ಮಳೆಗಾಲ. ಜೂನ್ ಒಂದರ ಆಸುಪಾಸಿಗೆ ಬರುವ ಇಡವಪ್ಪಾತಿ ಒಂದು, ಅಕ್ಟೋಬರಿನ ಸಂಜೆಗಳಲ್ಲಿ ಗುಡುಗಿಕೊಂಡು ಬರುವ ತುಲಾವರ್ಷ ಇನ್ನೊಂದು. ಎಲ್ಲ ಸೇರಿ ಸುಮಾರು 3000 ಮಿಲಿಮೀಟರ್. ಇಂಥ ಊರಲ್ಲಿ ಮುಂಗಾಜಿಗೆ ಹಚ್ಚುವ ‘ನೀರು ನಿಲ್ಲದ’ ದ್ರವ ಮಾರುವವನಿಗೆ ಗಿರಾಕಿಯ ಬರವಿಲ್ಲ. ಇದನ್ನು ಹಚ್ಚಿದರೆ ವೈಪರೇ ಬೇಡ ಸಾರ್ ಎನ್ನುತ್ತಾನೆ ಅಂಗಡಿಯವನು. ಎನ್ನುತ್ತಲೇ ಪಕ್ಕದಲ್ಲಿ ತೂಗುಹಾಕಿದ ಹೊಸ ವೈಪರ್ ರಬ್ಬರನ್ನೂ ತೋರಿಸುತ್ತಾನೆ.

ದ್ರವದ ಗುಟ್ಟು ಸರಳ. ತೊಳೆದ ಬರಿಗಾಜಿಗೆ ನೀರೆಂದರೆ ಪ್ರೀತಿ. ಬಿದ್ದ ಹನಿಯನ್ನು ಮೈತುಂಬ ಹರಡಿಕೊಳ್ಳುತ್ತದೆ. ಸಿಲಿಕೋನ್ ಜಾತಿಯ ದ್ರವವನ್ನು ತಿಕ್ಕಿದರೆ ಕಣ್ಣಿಗೆ ಕಾಣದ ಪದರವೊಂದು ಕೂತು, ಹನಿ ಹರಡದೆ ಗುಂಡಗಾಗುತ್ತದೆ. ಅಮೆರಿಕದವರು ‘ರೈನ್-ಎಕ್ಸ್’ ಎಂದು ಇದನ್ನು ಬಾಟಲಿಗೆ ತುಂಬಿದ್ದು 1972ರಲ್ಲಿ. ಕೆಸುವಿನೆಲೆ ಅದಕ್ಕೂ ಎಷ್ಟೋ ಮೊದಲೇ ಕಲಿತಿತ್ತು. ಪತ್ರೊಡೆಗೆಂದು ಎಲೆ ತೊಳೆಯಲು ಹೋದವರಿಗೆ ಗೊತ್ತು, ಚೊಂಬುಗಟ್ಟಲೆ ಹೊಯ್ದರೂ ಎಲೆ ಒದ್ದೆಯಾದ ಲಕ್ಷಣವೇ ಇರುವುದಿಲ್ಲ.

ತಕರಾರು ಇರುವುದು ಮುಂದೆ. ಗುಂಡಗಾದ ಹನಿಯನ್ನು ಅಲ್ಲಿಂದ ಓಡಿಸಲು ಗಾಳಿ ಬೇಕು. ಗಾಳಿ ಬೇಕೆಂದರೆ ಕಾರು ಅರವತ್ತು ಎಪ್ಪತ್ತರಲ್ಲಿ ಹೋಗಬೇಕು. ತಿರುವನಂತಪುರಕ್ಕೆ ಹೊರಟು, 2021ರಲ್ಲಿ ತೆರೆದ ಆಲಪ್ಪುಳ ಬೈಪಾಸ್ ಏರಿದರೆ ದ್ರವದ ಪ್ರತಾಪ ಕಾಣುತ್ತದೆ. ಎಡಕ್ಕೆ ಊರು, ಬಲಕ್ಕೆ ಕಡಲು, ಎದುರಿಗೆ ಹನಿಗಳೆಲ್ಲ ಸಾಲುಗಟ್ಟಿ ಗಾಜಿನ ಮೇಲ್ಮುಖವಾಗಿ ಓಡುತ್ತವೆ. ನೀರು ಮೇಲಕ್ಕೆ ಹರಿಯುವುದನ್ನು ನೋಡುವ ಸುಖಕ್ಕಾದರೂ ಬಾಟಲಿಗೆ ದುಡ್ಡು ಕೊಡಬಹುದು.

ಆದರೆ ಬದುಕು ನಡೆಯುವುದು ಬೈಪಾಸಿನ ಮೇಲಲ್ಲ, ಊರೊಳಗಿನ ವೈಟ್ಟಿಲದ ಸಿಗ್ನಲ್ಲಿನಲ್ಲಿ. ಅಲ್ಲಿ ಫ್ಲೈಓವರ್ ಬಂದಮೇಲೂ ಅದರ ಕೆಳಗೆ ನಿಲ್ಲುವ ಭಾಗ್ಯ ತಪ್ಪಿಲ್ಲ. ರಾತ್ರಿ ಎಂಟರ ಮಳೆಯಲ್ಲಿ ನಿಂತ ಕಾರಿನ ಗಾಜಿನ ಮೇಲೆ ಹನಿಗಳು ಅಲ್ಲಲ್ಲೇ ಗುಂಡಗೆ ಕೂತಿರುತ್ತವೆ. ಒಂದೊಂದು ಹನಿಯೂ ಒಂದು ಪುಟ್ಟ ಮಸೂರ. ಸ್ವಲ್ಪ ಮುಂದೆ ಬಾಗಿ ನೋಡಿದರೆ ಪ್ರತಿಯೊಂದರಲ್ಲೂ ತಲೆಕೆಳಗಾದ ಒಂದು ಸಿಗ್ನಲ್ ಕಂಬ. ಕೆಂಪು ಬಿದ್ದಾಗ ಗಾಜಿನ ತುಂಬ ದಾಳಿಂಬೆ ಕಾಳು ಸುರಿದಂತಿರುತ್ತದೆ. ಚೆಂದವೇನೋ ಹೌದು, ಅದರಾಚೆ ಸ್ಕೂಟರಿನವನು ಎಲ್ಲಿದ್ದಾನೆಂದು ಮಾತ್ರ ಕಾಣುವುದಿಲ್ಲ. ವೈಪರ್ ಹಾಕಿದರೆ ದ್ರವ ತಿಂದ ಗಾಜಿನ ಮೇಲೆ ಅದು ಜಾರದೆ ಕಟಕಟನೆ ಕುಣಿಯುತ್ತದೆ, ಒರೆಸಿದ ಹಿಂದೆಯೇ ಒಂದು ಕ್ಷಣ ಮಂಜು ಮಂಜು.

ನಮ್ಮ ಘಾಟಿಯ ಲಾರಿ ಡ್ರೈವರುಗಳ ದಾರಿ ಇದಕ್ಕೆ ತದ್ವಿರುದ್ಧ. ಅವರು ಬೀಡಿ ಬಿಡಿಸಿ ತಂಬಾಕನ್ನೋ, ಹಸಿ ಆಲೂಗಡ್ಡೆಯ ಹೋಳನ್ನೋ ಗಾಜಿಗೆ ಉಜ್ಜುತ್ತಾರೆ. ಅದರಿಂದ ಹನಿ ಗುಂಡಗಾಗುವುದಿಲ್ಲ, ತೆಳ್ಳಗೆ ಹಾಳೆಯಂತೆ ಹರಡಿ ಇಳಿದುಹೋಗುತ್ತದೆ. ನೀರನ್ನು ಓಡಿಸುವ ಬದಲು ಸಮವಾಗಿ ಹಾಸಿಬಿಡುವ ಉಪಾಯ. ತೆವಳುವ ಗಾಡಿಗೆ ಇದೇ ಸರಿ ಎಂದು ನನ್ನ ಪಕ್ಷ. ಜೋರು ಮಳೆಗೆ ಆಲೂಗಡ್ಡೆ ಬೇಗ ತೊಳೆದುಹೋಗುತ್ತದೆ ನಿಜ, ಆದರೆ ಅರ್ಧ ಆಲೂಗಡ್ಡೆ ಪಲ್ಯಕ್ಕಾದರೂ ಉಳಿಯುತ್ತದೆ.

ಇನ್ನು ವಾಶರ್ ಟ್ಯಾಂಕಿಗೆ ಏನು ಹಾಕುವುದು? ಕೆಲವು ಚಳಿದೇಶಗಳಲ್ಲಿ ಹಾಕುವ ನೀಲಿ ದ್ರವಕ್ಕೆ ಅದು ಹೆಪ್ಪುಗಟ್ಟದಿರಲೆಂದು ಮೆಥನಾಲ್ ಬೆರೆಸುತ್ತಾರೆ. ಸ್ವೆಟರಿನ ಮುಖವನ್ನೇ ಕಾಣದ ಎರ್ನಾಕುಲಂಗೆ ಅದು ಯಾಕೆ? ಇಲ್ಲಿ ಬಹುಮಂದಿ ಬಾವಿನೀರು ಹಾಕಿ, ಮೇಲಿಂದ ಒಂದು ಸ್ಯಾಷೆ ತಲೆಶಾಂಪೂ ಹಿಂಡುತ್ತಾರೆ. ಬಟನ್ ಒತ್ತಿದರೆ ನೊರೆಯೋ ನೊರೆ. ಒಣಗಿದ ಮೇಲೆ ಬಾನೆಟ್ಟಿನವರೆಗೂ ಬಿಳಿ ಗೆರೆ. ಬರೀ ನೀರೂ ಅಷ್ಟು ಸಾಧುವಲ್ಲ. ಟ್ಯಾಂಕಿನಲ್ಲಿ ಬೆಚ್ಚಗೆ ನಿಂತ ನೀರು ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾಕ್ಕೆ ಮನೆಯಾಗಬಹುದೆಂದು 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು ಎಚ್ಚರಿಸಿದ್ದರು. ಸೊಳ್ಳೆಗೇ ಮಣಿದು ಕೂತಿರುವ ಕೊಚ್ಚಿಗೆ ಇನ್ನೊಂದು ಜೀವಿ ಬೇಡ. ಹಾಗಾಗಿ ಕಾರಿಗೆಂದೇ ಮಾಡಿದ ಸಾದಾ ವಾಶರ್ ದ್ರವ ಒಂದಿಷ್ಟು ಬೆರೆಸಿದರೆ ಸಾಕು. ಮೊದಲ ಮಳೆಯ ಹಾತೆ, ಲಾರಿ ಚಿಮ್ಮಿಸಿದ ಎಣ್ಣೆಕೆಸರು, ಫೋರ್ಟ್ ಕೊಚ್ಚಿಯ ಮಳೆಮರಗಳ ಕೆಳಗೆ ನಿಲ್ಲಿಸಿದ್ದಕ್ಕೆ ಸಿಕ್ಕ ಅಂಟು, ಎಲ್ಲಕ್ಕೂ ಅದು ಸೈ. ಮುಂಗಾಜಿಗೆ ಅದು, ಮಳೆಗಾಲಕ್ಕೆ ಮೊದಲು ಹೊಸ ರಬ್ಬರು, ಒಳಗಿನ ಮಬ್ಬಿಗೆ ಏಸಿ. ಮಬ್ಬು ಒಳಗಿದ್ದರೂ ಹೊರಗೆ ತಿಕ್ಕುತ್ತಾ ಕೂರುವವರ ಸಂಖ್ಯೆ ಸಣ್ಣದಲ್ಲ.

ಹಾಗಾದರೆ ಆ ಬಾಟಲಿ ದಂಡವೇ? ಅಲ್ಲ, ಪಕ್ಕದ ಕನ್ನಡಿಗಳಿಗಿದೆ. ಅವಕ್ಕೆ ವೈಪರಿಲ್ಲ, ಕುಣಿತವೂ ಇಲ್ಲ. ಮೊನ್ನೆ ಕನ್ನಡಿಗೆ ಹಚ್ಚುತ್ತಿದ್ದಾಗ ಆಚೆಮನೆಯ ಮಾಷ್, ನಿವೃತ್ತ ಮೇಷ್ಟ್ರು, ಕೊಡೆ ಹಿಡಿದು ಬಂದು ನಿಂತರು. ಕನ್ನಡಿಯ ಮೇಲೆ ನೀರು ಚಿಮುಕಿಸಿ ಪರೀಕ್ಷೆ ಮಾಡಿದರು. ಆಮೇಲೆ ತಮ್ಮ ದಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ, “ಇದಕ್ಕೂ ಒಂದು ಕೈ ನೋಡಬಹುದಾ?” ಎಂದರು.

“ಹಚ್ಚಬಹುದು ಮಾಷ್, ಆದರೆ ನೀವು ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ನಡೆಯಬೇಕಾಗುತ್ತದೆ.”

“ಹಾಲಿನ ಬೂತಿಗೆ ತಾನೇ, ನೋಡೋಣ,” ಎಂದು ಕನ್ನಡಕ ನನ್ನ ಕೈಗೇ ಕೊಟ್ಟರು.