571235: ಒಂದು ಶನಿಶೋಧ

ಸಂಖ್ಯೆಗಳಿಗೆ ಊರಿಲ್ಲ ಎಂಬುದು ಗಣಿತಜ್ಞರ ಹಳೆಯ ಮೂಢನಂಬಿಕೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 27994681ನ್ನು 441ರಿಂದ ಗುಣಿಸಿ 12345654321 ಎಂಬ ಹಾರ ಪೋಣಿಸಿದನೇ ಹೊರತು, ಅದು ಯಾವ ಊರಿನ ಕೊರಳಿಗೆ ಎಂದು ಹೇಳಲಿಲ್ಲ. ಆ ಲೋಪವನ್ನು ತುಂಬಲೆಂದೇ ಈ ಪ್ರಬಂಧ. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯ ಪಿನ್‌ಕೋಡ್ 571235. ಒಡೆದು ನೋಡಿದರೆ 5 × 7 × 19 × 859. ಶನಿವಾರ ವಾರದ ಏಳನೆಯ ದಿನ. ಏಳು ಇದನ್ನು ಶೇಷವಿಲ್ಲದೆ ಭಾಗಿಸುತ್ತದೆ. ವಿಂಶೋತ್ತರಿ ಲೆಕ್ಕದಲ್ಲಿ ಶನಿಮಹಾದಶೆ 19 ವರ್ಷ, ಹತ್ತೊಂಬತ್ತೂ ಭಾಗಿಸುತ್ತದೆ. ಐದೆಂದರೆ ಹತ್ತರ ಅರ್ಧ. ಏಳರ ಮಗ್ಗುಲಲ್ಲಿ ಆ ಅರ್ಧವನ್ನು ಕೂರಿಸಿದರೆ ಏಳೂವರೆ ವರ್ಷದ ಸಾಡೇಸಾತಿಯೂ ಸಿದ್ಧ. ರಾಮಾನುಜನ್ನರ 1729 ಕೂಡ 7 × 13 × 19 ಆಗಿರುವುದರಿಂದ, ಆ ಮಹಾಸಂಖ್ಯೆ ನಮ್ಮ ಸಂತೆಗೆ ದಾಯಾದಿಯೆಂದು ಸಾಬೀತಾಯಿತು.

ಇದಕ್ಕೆ ಸಂಶಯವಾದಿಗಳ ಮೊದಲ ಆಕ್ಷೇಪ: 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದ ಅಂಚೆ ಇಲಾಖೆ ಕಾಗದ ವಿಂಗಡಿಸುವ ಅನುಕೂಲ ನೋಡಿತೇ ವಿನಾ ಪಂಚಾಂಗ ನೋಡಲಿಲ್ಲ. ಒಪ್ಪಿದೆ. ನೋಡದೆಯೇ ಸರಿಹೋದದ್ದೇ ಮಹಿಮೆ. ನೋಡಿ ಕೊಟ್ಟಿದ್ದರೆ ಅದು ಬರೀ ಗುಮಾಸ್ತಿಕೆಯಾಗುತ್ತಿತ್ತು. ಎರಡನೆಯ ಆಕ್ಷೇಪ: ಏಳು ಮತ್ತು ಹತ್ತೊಂಬತ್ತು ಎರಡರಿಂದಲೂ ಭಾಗವಾಗುವ ಸಂಖ್ಯೆ 133ಕ್ಕೊಂದು ಸಿಗುತ್ತದೆ, 571368ಕ್ಕೂ ಇದೇ ಯೋಗವಿದೆ. ಇರಲಿ. ಶನಿ ಒಬ್ಬನ ಮನೆಗೆ ಹೋಗಿ ಮತ್ತೊಬ್ಬನನ್ನು ಬಿಟ್ಟ ಉದಾಹರಣೆ ಯಾವ ಪುರಾಣದಲ್ಲಿದೆ?

ಶಾಸ್ತ್ರವೆಂದ ಮೇಲೆ ಅಕ್ಕಪಕ್ಕದ ಊರುಗಳಲ್ಲೂ ನಿಲ್ಲಬೇಕಷ್ಟೆ. ಸೋಮವಾರಪೇಟೆಯ 571236ನ್ನು ಏಳರಿಂದ ಭಾಗಿಸಿದರೆ ಶೇಷ ಒಂದು. ಭಾನುವಾರದಿಂದ ಎಣಿಸಿದರೆ ಒಂದೆಂದರೆ ಭಾನುವಾರವಲ್ಲವೇ ಎಂದು ತಕರಾರು ತೆಗೆಯುವವರು ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 8601 ಓದಿಲ್ಲ. ಅದರಲ್ಲಿ ವಾರದ ಮೊದಲ ದಿನ ಸೋಮವಾರ. ಹಾಗಾದರೆ ಶನಿವಾರ ಆರನೆಯದಾಗುವುದಿಲ್ಲವೇ? ಆಗುತ್ತದೆ, ಆದ್ದರಿಂದಲೇ ಶನಿವಾರಸಂತೆಗೆ ನಮ್ಮ ಮನೆಯ ಕ್ಯಾಲೆಂಡರನ್ನೂ ಸೋಮವಾರಪೇಟೆಗೆ ಜಿನೀವಾದ ಮಾನದಂಡವನ್ನೂ ಬಳಸಬೇಕೆಂಬುದು ಈ ಲೇಖಕನ ವಿಧಾನ. ಮಡಿಕೇರಿಯ 571201ಕ್ಕೂ ಶೇಷ ಒಂದೇ ಬರುತ್ತದೆ, ಅಲ್ಲಿಯ ಸಂತೆ ಮಾತ್ರ ಶುಕ್ರವಾರ. ಈ ತೊಡಕನ್ನು ನಿವಾರಿಸಲು, ಹೆಸರಿನಲ್ಲೇ ವಾರವಿರುವ ಊರುಗಳಿಗೆ ಮಾತ್ರ ಸಿದ್ಧಾಂತ ಅನ್ವಯಿಸುತ್ತದೆ ಎಂದು ತಿದ್ದುಪಡಿ ತರಲಾಗಿದೆ. ಹೀಗೆ ಪರೀಕ್ಷೆಗೆ ಒಡ್ಡಿದ ಎರಡಕ್ಕೆರಡು ಊರುಗಳಲ್ಲೂ ಸಿದ್ಧಾಂತ ಗೆದ್ದಿದೆ: ನೂರಕ್ಕೆ ನೂರು.

ಉಳಿದದ್ದು 859. ಇದು ಅವಿಭಾಜ್ಯ; ಒಂದಕ್ಕೂ ತನಗೂ ಬಿಟ್ಟು ಯಾರಿಗೂ ಬಗ್ಗದು. ಶನಿಗೂ ಇದಕ್ಕೂ ಏನು ಸಂಬಂಧ ಎಂಬುದೇ ವಿರೋಧಿಗಳ ಬ್ರಹ್ಮಾಸ್ತ್ರ. ಸಂತೆ ಬಲ್ಲವರು ಹೀಗೆ ಕೇಳುವುದಿಲ್ಲ. ಪ್ರತಿ ಸಂತೆಯಲ್ಲೂ ಚೌಕಾಸಿಗೆ ಒಪ್ಪದ, ಹೇಳಿದ ಬೆಲೆಯಿಂದ ಇಳಿಯದ ಒಬ್ಬ ವ್ಯಾಪಾರಿ ಇದ್ದೇ ಇರುತ್ತಾನೆ. ಅವನನ್ನು ಒಡೆದು ನೋಡಬೇಕೆನ್ನುವ ಮುಂದಿನ ಸಂಶೋಧಕರು ಶನಿವಾರವೇ ಬರತಕ್ಕದ್ದು. ಬೇರೆ ದಿನ ಬಂದರೆ ಶೇಷ ಉಳಿಯುತ್ತದೆ.