ಗ್ರಾಂ ಕಾಕಾ

ದೇಶಪಾಂಡೆ ನಗರದ ಸವಾಯಿ ಗಂಧರ್ವ ಕಲಾಮಂದಿರದ ಆಜೂಬಾಜೂ ಸಂಜೆ ಅಡ್ಡಾಡುವವರಿಗೆ ಗ್ರಾಂ ಕಾಕಾ ಗೊತ್ತು. ಇಂಥವರು ಈಗ ಹುಬ್ಬಳ್ಳಿಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಬ್ಯಾಂಕಿನಲ್ಲಿ ಜನ್ಮವಿಡೀ ಲೆಕ್ಕ ತಾಳೆ ಹಾಕಿದ ಕೈ, ನಿವೃತ್ತಿಯಾದ ಮೇಲೆ ಸುಮ್ಮನಿರಬೇಕಲ್ಲ? ಈಗ ಕಾಡಿಗೆ ಒಯ್ಯುವ ಸಾಮಾನಿನ ತೂಕ ತಾಳೆ ಹಾಕುತ್ತದೆ.

"ಮನಸ್ಸು ಹಗರ ಆಗಬೇಕಂದ್ರ ಮೊದಲ ಬೆನ್ನು ಹಗರ ಆಗಬೇಕು ತಮ್ಮಾ. ಕಾಡಿನಾಗ ಒಂದು ರಾತ್ರಿ ಡೇರೆದಾಗ ಮಲಗಿ ನೋಡು."

ಡೇರೆ 1,150 ಗ್ರಾಂ. ಗಾಳಿ ಊದುವ ಹಾಸಿಗೆ 480. ಕಾಕು ಅಡಿಗೆಮನೆಗೆಂದು ತರಿಸಿದ ತಕ್ಕಡಿ ಕಾಕಾನ ಕೋಣೆ ಸೇರಿ ವರ್ಷವಾಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧ ಕೊಯ್ದು, ಆ ತುಂಡನ್ನು ಸರಾಫ ಬಂಗಾರ ತೂಗಿದಂಗೆ ತೂಗಿ ತೋರಿಸಿದರು: "ಆರು ಗ್ರಾಂ ಉಳೀತು!" ಪಕ್ಕದಲ್ಲೇ 900 ಗ್ರಾಂನ ಮಡಚು ಕುರ್ಚಿ.

"ಇದ್ಯಾಕ್ರಿ ಕಾಕಾ?"

"ಆರಾಮ ಬ್ಯಾಡೇನು ಮತ್ತ?"

ತಾಲೀಮು ಮಾಳಿಗೆಯ ಮೇಲೆ ನಡೆಯಿತು. ಡೇರೆಯ ಗೂಟ ಸಿಮೆಂಟಿನಲ್ಲಿ ಇಳಿಯಬೇಕಲ್ಲ? ಅಷ್ಟರಲ್ಲಿ ಗಾಳಿ ಬೀಸಿ, ಡೇರೆ ಪಕ್ಕದವರ ಹಪ್ಪಳದ ಮೇಲೆ ಹೋಗಿ ಕೂತಿತು. ಕೊನೆಗೆ ನಾಲ್ಕು ಮೂಲೆಗೆ ಎರಡು ತುಳಸಿ ಕುಂಡ, ಒಂದು ರುಬ್ಬುಗುಂಡು, ಒಂದು ಖಾಲಿ ಗ್ಯಾಸ್ ಸಿಲಿಂಡರ್. ಹಗುರ ಡೇರೆ ಆಗ ಗಟ್ಟಿಯಾಗಿ ನಿಂತಿತು.

ಕಾಕಾನ ಆರಾಧ್ಯದೈವ ಅಮೆರಿಕದ ಎಮ್ಮಾ ಗೇಟ್‌ವುಡ್. 1955ರಲ್ಲಿ, 67ನೇ ವಯಸ್ಸಿನಲ್ಲಿ, ಮನೆಯಲ್ಲೇ ಹೊಲಿದ ಚೀಲ ಹೆಗಲಿಗೇರಿಸಿ, ಮಳೆಗೆ ಬಚ್ಚಲಮನೆಯ ಪರದೆ ಹೊದ್ದು, ಅಪಲಾಚಿಯನ್ ಬೆಟ್ಟಗಳ 3,300 ಕಿಲೋಮೀಟರ್ ಹಾದಿಯನ್ನು ಒಬ್ಬಳೇ ನಡೆದ ಅಜ್ಜಿ. ಈ ಕಥೆಯನ್ನು ನೂರನೇ ಸಲ ಕೇಳಿದ ದಿನ ಕಾಕಾನ ತಾಯಿ ತೂಗುಮಂಚದಿಂದಲೇ ಅಂದರು: "ನಮ್ಮ ಕಡೆ ಮಂದಿ ಯುಗಾದಿಗೆ ಶ್ರೀಶೈಲಕ್ಕ ನಡಕೋತ ಹೋಗ್ತಾರಲ್ಲೋ, ಒಂದು ಕಂಬಳಿ, ಒಂದು ಗಂಟು. ಅವರು ಯಾವ ತಕ್ಕಡಿ ಹತ್ತಿದ್ರಪಾ?"

ಅಂತೂ ಡಿಸೆಂಬರ್‌ನಲ್ಲಿ ದಾಂಡೇಲಿ ದಾಟಿ ಕುಳಗಿಗೆ ಹೊರಟರು. ಕಾರಿನಲ್ಲಿ. ಬೆನ್ನಿಗೇನೂ ಕೆಲಸವಿಲ್ಲ, ಹೊರುವುದೆಲ್ಲ ಡಿಕ್ಕಿ. ಕಾಕಾನ ಚೀಲ ಸರಿಯಾಗಿ 4 ಕಿಲೋ 200. ಕಾಕುನ ಚೀಲದಲ್ಲಿ ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಸ್ಟೀಲ್ ಡಬ್ಬಿ ತುಂಬ ಮೊಸರು, ಮೇಲೆ ಧಾರವಾಡ ಫೇಡೆ. ಕಾಕಾ ತಕ್ಕಡಿಯತ್ತ ನೋಡಿದರು. ಕಾಕು ಕಾಕಾನತ್ತ ನೋಡಿದರು. ಆ ಚೀಲ ತೂಗದೆಯೇ ಡಿಕ್ಕಿ ಸೇರಿತು.

ಕುಳಗಿಯಲ್ಲಿ ನೋಡಿದರೆ, ಅರಣ್ಯ ಇಲಾಖೆಯವರೇ ಹೊಡೆದಿಟ್ಟ ಡೇರೆ, ಒಳಗೆ ಮಂಚ, ಗಾದಿ! 1,150 ಗ್ರಾಂ ಚೀಲದಿಂದ ಹೊರಗೇ ಬರಲಿಲ್ಲ. ಕುರ್ಚಿ ಮಾತ್ರ ಬಂತು. ಅದರಲ್ಲಿ ಕಾಕು ಸಂಜೆಯಿಂದ ಕೂತವರು ಏಳಲಿಲ್ಲ. ಕಾಕಾ ಪಕ್ಕದ ಕಲ್ಲಿನ ಮೇಲೆ ಕೂತು, ಹಿಂಡಿ ಹಚ್ಚಿದ ರೊಟ್ಟಿ ಮುರಿಯುತ್ತ ಕಾಡು ನೋಡಿದರಂತೆ.

ಮರಳಿ ಬಂದ ದಿನ ಗೇಟಿನಲ್ಲೇ ಸಿಕ್ಕರು. ಮುಖದ ತುಂಬ ಗೆಲುವು.

"ಅಗದೀ ಹಗರ ಆತು ನೋಡು ತಮ್ಮಾ."

"ಮನಸ್ಸೇನ್ರಿ?"

"ರೊಟ್ಟಿ ಡಬ್ಬಿ."